ಟ್ರಾವೆಲ್ ಟ್ರೇಲರ್‌ನಲ್ಲಿ ಸಡಿಲವಾಗುವ ಸ್ಕ್ರೂ, ನಟ್ಟು, ಫಿಟ್ಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಕೊಂಡು ಊರೂರು ಸುತ್ತುವ ಕನ್ನಡದ ಗೆಳೆಯರು ಕೇಳಿದ ಪ್ರಶ್ನೆಗಳಿವು. ಫೋನಿನಲ್ಲಿ, ಪತ್ರದಲ್ಲಿ, ಕ್ಯಾಂಪಿನ ಬೆಂಕಿಯ ಸುತ್ತ ಇವೇ ಮತ್ತೆ ಮತ್ತೆ ಬರುತ್ತವೆ. ಸುಲಭದವು ಮೊದಲು ಇವೆ, ಕಷ್ಟದವು ಕೊನೆಗೆ. ನಿಮಗೆ ಬೇಕಾದದ್ದನ್ನು ಮಾತ್ರ ಓದಿದರೂ ಅರ್ಥವಾಗುತ್ತದೆ.

## ಮೊದಲು ತಿಳಿಯಬೇಕಾದದ್ದು

ಹೊಸಾ ಟ್ರೇಲರ್. ಮೊದಲ ಟ್ರಿಪ್ ಮುಗಿಸಿ ಬಂದ್ರೆ ನೆಲದ ಮೇಲೆ ಸ್ಕ್ರೂ ಬಿದ್ದಿತ್ತು. ನಾವು ಮೋಸ ಹೋದ್ವಾ?

ಇಲ್ಲ. ಹೊಸ ಟ್ರೇಲರ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಇದಕ್ಕೆ ಕಾರಣ ಕಟ್ಟುವ ರೀತಿಯಲ್ಲೇ ಇದೆ.

ಅಮೆರಿಕದ ಹೆಚ್ಚಿನ ಟ್ರೇಲರ್‌ಗಳು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪಟ್ಟಣದ ಸುತ್ತಮುತ್ತ ತಯಾರಾಗುತ್ತವೆ. ಅಲ್ಲಿ ಎರಡು ಬಗೆಯ ಗೋಡೆ ಕಟ್ಟುತ್ತಾರೆ. ಒಂದರಲ್ಲಿ ಮರದ ಪಟ್ಟಿಗಳ ಚೌಕಟ್ಟು ಇರುತ್ತದೆ, ಹೊರಗೆ ಅಲೆಅಲೆಯಾದ ಅಲ್ಯೂಮಿನಿಯಂ ತಗಡು. ಇನ್ನೊಂದರಲ್ಲಿ ಅಲ್ಯೂಮಿನಿಯಂ ಚೌಕಟ್ಟು, ನಡುವೆ ಫೋಮ್, ಹೊರಗೆ ಫೈಬರ್‌ಗ್ಲಾಸ್, ಎಲ್ಲವನ್ನೂ ಅಂಟಿಸಿ ಒಂದೇ ಹಲಗೆ ಮಾಡಿರುತ್ತಾರೆ. ಎರಡರಲ್ಲೂ ಒಳಮೈಗೆ ಇರುವುದು ಸಾಮಾನ್ಯವಾಗಿ ಲುವಾನ್ ಎಂಬ ತೆಳು ಪ್ಲೈವುಡ್. ಅದರ ದಪ್ಪ ಸುಮಾರು 3 ಮಿಲಿಮೀಟರ್. ಎಳೆಯುವ ಗಾಡಿಗೆ ಭಾರ ಆಗಬಾರದಲ್ಲ, ಅದಕ್ಕೆ ಇಷ್ಟು ತೆಳು.

ಕಾರ್ಖಾನೆಯಲ್ಲಿ ಹೊಡೆದ ಸ್ಕ್ರೂ ಹಿಂದಿನ ಮರದ ಪಟ್ಟಿಗೆ ಸಿಕ್ಕಿದ್ದರೆ ವರ್ಷಗಟ್ಟಲೆ ಇರುತ್ತದೆ. ಪಟ್ಟಿ ತಪ್ಪಿ ಬರೀ ಲುವಾನ್‌ಗೆ ಸಿಕ್ಕಿದ್ದರೆ ಅದಕ್ಕೆ ಕಚ್ಚಲು ಮರವೇ ಇಲ್ಲ. ರಸ್ತೆಯ ಕುಲುಕಾಟಕ್ಕೆ ನಿಧಾನವಾಗಿ ಹೊರಗೆ ಬರುತ್ತದೆ. ಹಾಗಾಗಿ ಸಡಿಲವಾದ ಸ್ಕ್ರೂ ಕಂಡ ತಕ್ಷಣ ತಿರುಗಿಸಬೇಡಿ. ಅದು ಯಾವುದನ್ನು ಹಿಡಿದುಕೊಂಡಿತ್ತು ಅಂತ ಮೊದಲು ನೋಡಿ. ಮರವೋ, ಲೋಹವೋ, ಬರೀ ಲುವಾನೋ? ರಿಪೇರಿ ಹೇಗೆ ಅನ್ನುವುದು ಆ ಉತ್ತರದ ಮೇಲೆಯೇ ನಿಂತಿದೆ.

ಬಿದ್ದಿರೋ ಸ್ಕ್ರೂ ಎಲ್ಲಿಂದ ಬಂತು ಅಂತ ಕಂಡುಹಿಡಿಯೋದು ಹೇಗೆ?

ಬಿದ್ದ ಜಾಗದ ನೇರ ಮೇಲಿಂದ ಹುಡುಕಲು ಶುರು ಮಾಡಿ. ಕಪಾಟಿನ ಕೀಲು, ಕಿಟಕಿಯ ಬ್ಲೈಂಡ್, ಟಿವಿ ಸ್ಟ್ಯಾಂಡ್, ಡ್ರಾಯರ್ ಜಾರುವ ಹಳಿ, ಊಟದ ಮೇಜಿನ ಕಾಲು ಇವೇ ಮುಖ್ಯ ಅಪರಾಧಿಗಳು. ಸ್ಕ್ರೂನ ಬಣ್ಣ ಮತ್ತು ತಲೆಯನ್ನು ಅಕ್ಕಪಕ್ಕದವುಗಳ ಜೊತೆ ಹೋಲಿಸಿ. ಸಿಗಲಿಲ್ಲ ಅಂದರೆ ಎಸೆಯಬೇಡಿ. ಒಂದು ಡಬ್ಬಿಗೆ ಹಾಕಿ, ಯಾವ ಜಾಗದಲ್ಲಿ ಬಿದ್ದಿತ್ತು ಅಂತ ಚೀಟಿ ಬರೆದಿಡಿ.

ಇನ್ನೊಂದು ಮಾತು. ನಿಮ್ಮ ಟ್ರೇಲರ್‌ಗೆ ಪಕ್ಕಕ್ಕೆ ಚಾಚುವ ಸ್ಲೈಡ್ ಇದ್ದರೆ, ಅದನ್ನು ಒಳಗೆ ಎಳೆಯುವ ಮೊದಲು ನೆಲವನ್ನು ಒಮ್ಮೆ ಗುಡಿಸಿ. ಒಂದು ಸಣ್ಣ ಸ್ಕ್ರೂ ಸ್ಲೈಡ್ ಕೆಳಗೆ ಸಿಕ್ಕಿದರೆ ವಿನೈಲ್ ನೆಲಹಾಸು ಉದ್ದಕ್ಕೂ ಹರಿಯುತ್ತದೆ.

ಸಾರ್, ನನ್ನ ಸ್ಟಾರ್ ಸ್ಕ್ರೂಡ್ರೈವರ್ ಇದರಲ್ಲಿ ಕೂರೋದೇ ಇಲ್ಲ. ಇದೇನು ಚೌಕಾಕಾರದ ತೂತು?

ಇದು ರಾಬರ್ಟ್‌ಸನ್ ಸ್ಕ್ರೂ. ಕೆನಡಾದ ಪಿ. ಎಲ್. ರಾಬರ್ಟ್‌ಸನ್ ಎಂಬವರು ಇದಕ್ಕೆ 1909ರಲ್ಲಿ ಪೇಟೆಂಟ್ ಪಡೆದರು. ಚೌಕದ ತೂತಿನಲ್ಲಿ ಬಿಟ್ ಜಾರುವುದಿಲ್ಲ, ಒಂದೇ ಕೈಯಲ್ಲಿ ಹಿಡಿದು ಹೊಡೆಯಬಹುದು. ಕಾರ್ಖಾನೆಗಳಿಗೆ ಇದು ಇಷ್ಟವಾಗುವುದು ಅದಕ್ಕೇ.

ಇವಕ್ಕೆ ತೂತಿನ ಅಳತೆ ಹೇಳುವ ನಂಬರ್ ಮತ್ತು ಬಣ್ಣದ ಗುರುತಿದೆ. 0 ನಂಬರ್ ಹಳದಿ, 1 ನಂಬರ್ ಹಸಿರು, 2 ನಂಬರ್ ಕೆಂಪು, 3 ನಂಬರ್ ಕಪ್ಪು. ಟ್ರೇಲರ್‌ನಲ್ಲಿ ಹೆಚ್ಚು ಬೇಕಾಗುವುದು ಕೆಂಪು, ಆಮೇಲೆ ಹಸಿರು. ಸ್ಟಾರ್ ಬಿಟ್ ಅನ್ನು ಬಲವಂತವಾಗಿ ಒತ್ತಿ ತಿರುಗಿಸಬೇಡಿ. ತಲೆ ಸವೆದುಹೋದರೆ ಆ ಸ್ಕ್ರೂ ತೆಗೆಯುವುದು ದೊಡ್ಡ ತಲೆನೋವು.

ಜೊತೆಗೆ ಯಾವ ಟೂಲ್ಸ್ ಇಟ್ಕೋಬೇಕು?

ಚೌಕದ ಬಿಟ್‌ಗಳು, ಸ್ಟಾರ್ ಬಿಟ್‌ಗಳು, ಒಂದು ಕೈ ಸ್ಕ್ರೂಡ್ರೈವರ್, ಸಣ್ಣ ಅಡ್ಜಸ್ಟಬಲ್ ಸ್ಪ್ಯಾನರ್, ಟಾರ್ಚು, ಮರಕ್ಕೆ ಹಾಕುವ ಹಳದಿ ಗೋಂದು, ಟೂತ್‌ಪಿಕ್, ಒಂದೆರಡು ಅಳತೆಯ ಮರದ ಸ್ಕ್ರೂಗಳು. ಚಕ್ರಕ್ಕೆ ಟಾರ್ಕ್ ವ್ರೆಂಚ್ (ನಟ್ಟು ಎಷ್ಟು ಬಿಗಿ ಅಂತ ಅಳೆದು ತೋರಿಸುವ ಸ್ಪ್ಯಾನರ್) ಬೇಕೇ ಬೇಕು, ಅದರಲ್ಲಿ ಚೌಕಾಸಿ ಬೇಡ.

ಇಂಪ್ಯಾಕ್ಟ್ ಡ್ರೈವರ್ (ಬಡಿದು ಬಡಿದು ಜೋರಾಗಿ ತಿರುಗಿಸುವ ಯಂತ್ರ) ಅನ್ನು ಒಳಗಿನ ಕೆಲಸಕ್ಕೆ ತರಬೇಡಿ. ತೆಳು ಪ್ಲೈವುಡ್‌ನಲ್ಲಿ ಅದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ತೂತನ್ನು ಹಾಳು ಮಾಡುತ್ತದೆ. ಬ್ಯಾಟರಿ ಡ್ರಿಲ್ ಬಳಸುವುದಾದರೆ ತಿರುಗುವ ಬಲಕ್ಕೆ ಮಿತಿ ಹಾಕುವ ಕ್ಲಚ್ ಅನ್ನು ಎಲ್ಲಕ್ಕಿಂತ ಕಮ್ಮಿಗೆ ಇಟ್ಟುಕೊಂಡು, ಕೊನೆಯ ಎರಡು ಸುತ್ತು ಕೈಯಲ್ಲೇ ತಿರುಗಿಸಿ.

ಎಷ್ಟು ದಿನಕ್ಕೊಮ್ಮೆ ಎಲ್ಲಾ ಚೆಕ್ ಮಾಡ್ಬೇಕು?

ದಿನದ ಲೆಕ್ಕಕ್ಕಿಂತ ಓಟದ ಲೆಕ್ಕ ಸರಿ. ಪ್ರತಿ ಟ್ರಿಪ್ ಮುಗಿದ ಮೇಲೆ ಒಳಗೊಮ್ಮೆ ಸುತ್ತು ಹಾಕಿ. ಬಾಗಿಲು, ಹಿಡಿಕೆ, ಕೀಲುಗಳನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಆಕ್ಸಲ್‌ನ (ಚಕ್ರದ ಅಚ್ಚಿನ) ಹಿಂದೆ ಇರುವ ಭಾಗ ಜಾಸ್ತಿ ಎಗರುತ್ತದೆ, ಹಾಗಾಗಿ ಹಿಂಬದಿಯ ಬಚ್ಚಲು ಅಥವಾ ಅಡುಗೆಮನೆಯಿಂದ ಶುರು ಮಾಡುವುದು ಒಳ್ಳೆಯದು. ಎಲ್ಲಾ ಸ್ಕ್ರೂಗಳನ್ನೂ ಸುಮ್ನೆ ಒಂದೊಂದು ಸುತ್ತು ತಿರುಗಿಸುತ್ತಾ ಹೋಗಬೇಡಿ. ಅಲ್ಲಾಡದೆ ಇರುವುದನ್ನು ಹಾಗೇ ಬಿಡಿ. ಗಟ್ಟಿಯಾಗಿದ್ದ ಸ್ಕ್ರೂ ಅತಿಬಿಗಿಯಿಂದಲೇ ಹಿಡಿತ ಕಳೆದುಕೊಳ್ಳುವುದುಂಟು.

## ಮರ, ಗೋಡೆ, ಕಪಾಟು

ಸ್ಕ್ರೂ ಸುಮ್ನೆ ತಿರುಗ್ತಾನೇ ಇದೆ, ಬಿಗಿನೇ ಆಗ್ತಿಲ್ಲ. ಏನ್ ಮಾಡ್ಲಿ?

ತೂತು ಅಗಲವಾಗಿದೆ, ಸ್ಕ್ರೂಗೆ ಕಚ್ಚಲು ಮರ ಉಳಿದಿಲ್ಲ. ಇದಕ್ಕೆ ಬಡಗಿಗಳು ಹಿಂದಿನಿಂದಲೂ ಮಾಡುವ ಕೆಲಸವೇ ಸಾಕು. ಆದರೆ ಮೊದಲು ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಟೂತ್‌ಪಿಕ್ ಒಂದನ್ನು ತೂರಿಸಿ ಆಳ ನೋಡಿ. ಸ್ವಲ್ಪ ಒಳಗೆ ಹೋಗಿ ಗಟ್ಟಿ ತಳಕ್ಕೆ ತಾಗಿದರೆ ಹಿಂದೆ ಮರ ಇದೆ. ಪುಸಕ್ಕನೆ ಒಳಗೆ ಹೋದರೆ ಹಿಂದೆ ಖಾಲಿ, ಆಗ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಬೇರೆ ದಾರಿ ಇದೆ, ಟವೆಲ್ ರಾಡಿನ ಪ್ರಶ್ನೆ ನೋಡಿ.

ಮರ ಇದ್ದರೆ ಹೀಗೆ ಮಾಡಿ. ಸ್ಕ್ರೂ ಪೂರ್ತಿ ತೆಗೆಯಿರಿ. ತೂತಿನೊಳಗಿನ ಪುಡಿಯನ್ನು ಊದಿ ತೆಗೆಯಿರಿ. ಟೂತ್‌ಪಿಕ್‌ಗಳನ್ನು ಹಳದಿ ಗೋಂದಿನಲ್ಲಿ ಅದ್ದಿ ತೂತು ಬಿಗಿಯಾಗಿ ತುಂಬುವಷ್ಟು ತೂರಿಸಿ. ಮದ್ದು ತೆಗೆದ ಬೆಂಕಿಕಡ್ಡಿಯೂ ಆಗುತ್ತದೆ. ತೂತು ದೊಡ್ಡದಾಗಿದ್ದರೆ ಬಿದಿರಿನ ಕಬಾಬ್ ಕಡ್ಡಿ ಅಥವಾ ಮರದ ಗಾಲ್ಫ್ ಟೀ ಹೆಚ್ಚು ಗಟ್ಟಿ. ಹೊರಗೆ ಚಾಚಿದ್ದನ್ನು ಚೂರಿಯಿಂದ ಸಮ ಮಾಡಿ.

ಆಮೇಲೆ ಕಾಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಗೋಂದು ಅರ್ಧ ಗಂಟೆಯಲ್ಲಿ ಹಿಡಿದಂತೆ ಕಾಣುತ್ತದೆ, ಪೂರ್ತಿ ಬಲ ಬರಲು 24 ಗಂಟೆ ಬೇಕು. ಕಪಾಟಿನ ಬಾಗಿಲಿನಂಥ ಭಾರ ಬೀಳುವ ಜಾಗವಾದರೆ ಮರುದಿನದವರೆಗೂ ಬಿಡಿ. ನಂತರ ನಡುವೆ ಒಂದು ಸಣ್ಣ ತೂತು ಕೊರೆದು, ಹಳೆಯ ಸ್ಕ್ರೂ ಅನ್ನೇ ಕೈಯಲ್ಲಿ ತಿರುಗಿಸಿ ಹಾಕಿ.

ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಆದರೆ ಗೋಂದು ಹಿಡಿಯುವುದಿಲ್ಲ. ಪುಡಿಯಾದ ಭಾಗ ಕೆರೆದು ತೆಗೆದು ಎಪಾಕ್ಸಿ ತುಂಬಬೇಕು. ಅದಕ್ಕೂ ಮೊದಲು ನೀರು ಎಲ್ಲಿಂದ ಬಂತು ಅಂತ ಹುಡುಕಿ.

ಇನ್ನೂ ಉದ್ದದ ಸ್ಕ್ರೂ ಹಾಕಿದ್ರೆ ಮುಗೀತಲ್ವಾ? ಇಷ್ಟೆಲ್ಲಾ ಯಾಕೆ?

ದಯವಿಟ್ಟು ಹಾಗೆ ಮಾಡಬೇಡಿ. ಟ್ರೇಲರ್‌ನ ಇಡೀ ಗೋಡೆ ಒಂದೂವರೆಯಿಂದ ಎರಡು ಇಂಚು ದಪ್ಪ ಇರುತ್ತದೆ, ಅಷ್ಟೇ. ಅದರೊಳಗೇ ವೈರು ಓಡುತ್ತದೆ, ಕೆಲವು ಕಡೆ ನೀರಿನ ಪೈಪೂ ಇರುತ್ತದೆ. ಉದ್ದದ ಸ್ಕ್ರೂ ವೈರಿಗೆ ತಾಗಿದರೆ ಆ ಕ್ಷಣಕ್ಕೆ ಏನೂ ಗೊತ್ತಾಗದೆ ಇರಬಹುದು. ರಸ್ತೆಯಲ್ಲಿ ಉಜ್ಜಿ ಉಜ್ಜಿ ಒಂದು ದಿನ ಶಾರ್ಟ್ ಆಗುತ್ತದೆ. ಚಾವಣಿಯ ಕೆಳಗಿನ ಸ್ಕ್ರೂಗೂ ಇದೇ ಮಾತು. ಅದು ಮೇಲಿನ ರಬ್ಬರ್ ಹಾಸನ್ನು ತೂರಿ ಹೊರಗೆ ಬಂದರೆ ಮಳೆನೀರಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ಉದ್ದ ಬೇಡ, ದಪ್ಪ ಮಾಡಿ. ಇಲ್ಲಿ ನಂಬರ್ ಅಂದರೆ ಸ್ಕ್ರೂನ ದಪ್ಪ, ತಲೆಯ ತೂತಿನ ಅಳತೆ ಅಲ್ಲ. 8 ನಂಬರ್ ಸ್ಕ್ರೂ ಇದ್ದ ಜಾಗಕ್ಕೆ ಅಷ್ಟೇ ಉದ್ದದ 10 ನಂಬರ್ ಹಾಕಿ ನೋಡಿ. ಹಿಂದೆ ಮರ ಇದ್ದರೆ ಅಷ್ಟು ಸಾಕಾಗುತ್ತದೆ. ಸ್ಕ್ರೂನ ತಲೆ ಕೀಲಿನ ತೂತಿನಲ್ಲಿ ಸರಿಯಾಗಿ ಕೂರುತ್ತದಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಬಚ್ಚಲಿನ ಟವೆಲ್ ರಾಡ್ ಗೋಡೆಯಿಂದ ಕಿತ್ತು ಬಂತು. ಮನೆಗೆ ಹಾಕೋ ಪ್ಲಾಸ್ಟಿಕ್ ಆ್ಯಂಕರ್ ಹಾಕಬಹುದಾ?

ಮನೆಯ ಡ್ರೈವಾಲ್ ಅರ್ಧ ಇಂಚು ದಪ್ಪ. ಅದಕ್ಕೆಂದು ಮಾಡಿದ ಸಾದಾ ಪ್ಲಾಸ್ಟಿಕ್ ಆ್ಯಂಕರ್ 3 ಮಿಲಿಮೀಟರ್ ಲುವಾನ್‌ನಲ್ಲಿ ನಿಲ್ಲುವುದಿಲ್ಲ. ಕೆಲವೇ ದಿನಕ್ಕೆ ತೂತನ್ನು ಇನ್ನಷ್ಟು ದೊಡ್ಡದು ಮಾಡಿಕೊಂಡು ಹೊರಗೆ ಬರುತ್ತದೆ.

ಮೊದಲ ಆಯ್ಕೆ, ರಾಡನ್ನು ಮರ ಇರುವ ಜಾಗಕ್ಕೆ ಸರಿಸುವುದು. ಮರದ ಚೌಕಟ್ಟಿನ ಗೋಡೆಯಾದರೆ ಸಣ್ಣ ಬಲವಾದ ಅಯಸ್ಕಾಂತ ಹಿಡಿದು ಗೋಡೆಯ ಮೇಲೆ ಸವರಿ. ಲುವಾನ್ ಬಡಿದಿರುವ ಸ್ಟೇಪಲ್‌ಗಳ ಮೇಲೆ ಅದು ಅಂಟುತ್ತದೆ, ಅಲ್ಲಿ ಮರ ಇದೆ ಅಂತ ಲೆಕ್ಕ. ಅಲ್ಯೂಮಿನಿಯಂ ಚೌಕಟ್ಟಿಗೆ ಅಯಸ್ಕಾಂತ ಅಂಟುವುದಿಲ್ಲ, ಅಲ್ಲಿ ಬೆರಳಿನಿಂದ ತಟ್ಟಿ ಸದ್ದು ಕೇಳಬೇಕು.

ಜಾಗ ಬದಲಿಸಲು ಆಗದಿದ್ದರೆ ರಾಡಿಗಿಂತ ಸ್ವಲ್ಪ ಉದ್ದದ ಅರ್ಧ ಇಂಚಿನ ಮರದ ಪಟ್ಟಿ ತೆಗೆದುಕೊಳ್ಳಿ. ಅದಕ್ಕೆ ಬಣ್ಣ ಬಳಿದು, ನಿರ್ಮಾಣದ ಅಂಟು ಹಚ್ಚಿ, ಎರಡು ಕಡೆಯಾದರೂ ಗಟ್ಟಿ ಮರ ಸಿಗುವಂತೆ ಗೋಡೆಗೆ ಕೂರಿಸಿ. ರಾಡನ್ನು ಆ ಪಟ್ಟಿಗೆ ಹಾಕಿ. ಭಾರ ಇಡೀ ಪಟ್ಟಿಯ ಮೇಲೆ ಹರಡುತ್ತದೆ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಇದರ ಮೇಲೆಯೇ. ಟೊಳ್ಳು ಗೋಡೆಯ ಒಳಗೆ ರೆಕ್ಕೆ ಬಿಚ್ಚಿಕೊಳ್ಳುವ ಟಾಗಲ್ ಬೋಲ್ಟ್ ಕೂಡ ನಡೆಯುತ್ತದೆ. ಆದರೆ ಫೋಮ್ ತುಂಬಿದ ಗೋಡೆಯಲ್ಲಿ ರೆಕ್ಕೆ ಬಿಚ್ಚಲು ಜಾಗ ಇರುವುದಿಲ್ಲ.

ಟಿವಿಗೆ ಮಾತ್ರ ಕಾರ್ಖಾನೆಯವರು ಹಿಂದೆ ಹಲಗೆ ಕೊಟ್ಟಿರುವ ಜಾಗವನ್ನೇ ಬಳಸಿ.

ಅಮ್ಮ ಬಂದಾಗ ಮೇಲಿನ ಕಪಾಟಿನಲ್ಲಿ ಗ್ರೈಂಡರ್, ಕುಕ್ಕರ್ ಎಲ್ಲಾ ಇಟ್ಟಿದ್ರು. ಈಗ ಕಪಾಟೇ ಚಾವಣಿಯಿಂದ ಬಿಟ್ಕೊಳ್ತಿದೆ.

ಮೊದಲು ಕಪಾಟು ಖಾಲಿ ಮಾಡಿ. ರಿಪೇರಿ ಆಗುವ ತನಕ ಟ್ರೇಲರ್ ಓಡಿಸಬೇಡಿ.

ಮೇಲಿನ ಕಪಾಟುಗಳು ತೆಳು ಚೌಕಟ್ಟಿನವು. ಸಣ್ಣ ಸ್ಕ್ರೂ ಅಥವಾ ಸ್ಟೇಪಲ್ ಹೊಡೆದು ಜೋಡಿಸಿರುತ್ತಾರೆ. ಚಿಪ್ಸ್ ಪ್ಯಾಕೆಟ್, ಬಟ್ಟೆ, ಪ್ಲಾಸ್ಟಿಕ್ ತಟ್ಟೆ ಇಡಲು ಸರಿ. ಕಲ್ಲಿನ ಗ್ರೈಂಡರ್, ಅಕ್ಕಿಮೂಟೆ, ಕಬ್ಬಿಣದ ದೋಸೆ ಕಾವಲಿ ಇಡುವ ಜಾಗ ಅಲ್ಲ. ನಿಂತಾಗಿನ ತೂಕವನ್ನು ಮಾತ್ರ ನೋಡಿದರೆ ಸಾಲದು, ಹಳ್ಳಕ್ಕೆ ಬಿದ್ದಾಗ ಅದೇ ತೂಕ ಕ್ಷಣಕಾಲ ಹಲವು ಪಟ್ಟು ಜಗ್ಗುತ್ತದೆ. ಭಾರದ ಪಾತ್ರೆ ನೆಲಮಟ್ಟದಲ್ಲಿ, ಆಕ್ಸಲ್ ಹತ್ತಿರ ಇರಲಿ.

ಕಪಾಟಿನ ಒಳಗೆ ತಲೆ ಹಾಕಿ ಮೇಲಿನ ಅಂಚು ನೋಡಿ. ಚಾವಣಿಯ ಅಡ್ಡಪಟ್ಟಿಗೆ ಸಿಕ್ಕಿದ್ದ ಸ್ಕ್ರೂ ಕಿತ್ತಿದ್ದರೆ ಅಲ್ಲೇ ಪಕ್ಕದಲ್ಲಿ ಹೊಸ ತೂತು ಮಾಡಿ, ಅಗಲವಾದ ವಾಷರ್ ಕೊಟ್ಟು ಹೊಸ ಸ್ಕ್ರೂ ಹಾಕಿ. ಕಪಾಟು ಮತ್ತು ಗೋಡೆ ಸೇರುವ ಮೂಲೆಗೆ ಒಳಗಿನಿಂದ ಸಣ್ಣ ಎಲ್ ಆಕಾರದ ಲೋಹದ ಪಟ್ಟಿ ಕೊಡಿ.

ಕುಕ್ಕರ್ ಬಗ್ಗೆ ಒಂದು ಮಾತು. ನಮ್ಮ ಅಡುಗೆಯಲ್ಲಿ ಆವಿ ಜಾಸ್ತಿ. ಫ್ಯಾನ್ ಹಾಕದೆ, ಕಿಟಕಿ ತೆಗೆಯದೆ ದಿನಾ ಕುಕ್ಕರ್ ಕೂಗಿಸಿದರೆ ಒಲೆಯ ಮೇಲಿನ ಕಪಾಟಿನ ಮರ ನೆನೆದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅಲ್ಲಿನ ಕೀಲಿನ ಸ್ಕ್ರೂಗಳು ಬೇಗ ಸಡಿಲವಾಗುತ್ತವೆ. ಸಾಧ್ಯವಾದರೆ ಹೊರಗೆ ಮೇಜಿನ ಮೇಲೆ ಒಲೆ ಇಟ್ಟು ಬೇಯಿಸಿ.

ಎಲ್ಲಾ ಸ್ಕ್ರೂಗೂ ಲಾಕ್‌ಟೈಟ್ ಹಾಕಿಬಿಟ್ರೆ ಈ ಗೋಳೇ ಇರಲ್ವಲ್ಲ?

ಲಾಕ್‌ಟೈಟ್ ಅಂದರೆ ಬೋಲ್ಟು ಸಡಿಲವಾಗದಂತೆ ಹಾಕುವ ಅಂಟು. ಅದು ಲೋಹಕ್ಕೆ ಲೋಹ ಸೇರುವ ಕಡೆಗೆ ಮಾತ್ರ. ಗಾಳಿ ಸಿಗದ ಜಾಗದಲ್ಲಿ, ಲೋಹ ತಾಗಿದಾಗ ಅದು ಗಟ್ಟಿಯಾಗುತ್ತದೆ. ಮರದ ಸ್ಕ್ರೂಗೆ ಹಾಕಿದರೆ ಪ್ರಯೋಜನ ಇಲ್ಲ. ಕೆಲವು ಪ್ಲಾಸ್ಟಿಕ್ಕುಗಳಿಗೆ ತಾಗಿದರೆ ಅವು ಸೀಳುತ್ತವೆ, ಬಚ್ಚಲಿನ ಫಿಟ್ಟಿಂಗ್ ಹತ್ತಿರ ಎಚ್ಚರ.

ಮೇಜಿನ ಕಾಲಿನ ಬೋಲ್ಟು, ಟಿವಿ ತೋಳಿನ ಬೋಲ್ಟು, ಮೆಟ್ಟಿಲಿನ ಬೋಲ್ಟುಗಳಿಗೆ ನೀಲಿ ಬಣ್ಣದ್ದು ಸರಿ. ಅದನ್ನು ಮಾಮೂಲಿ ಸ್ಪ್ಯಾನರ್‌ನಿಂದ ಬಿಚ್ಚಬಹುದು. ಕೆಂಪು ಬೇಡ, ಅದು ಬಲವಾಗಿ ಕಾಯಿಸಿದ ಹೊರತು ಬಿಡುವುದಿಲ್ಲ. ಚಕ್ರದ ನಟ್ಟಿಗೆ ಯಾವುದೂ ಬೇಡ.

## ನೀರು, ಗ್ಯಾಸು, ಕರೆಂಟು

ಯಾವ ನಲ್ಲಿನೂ ತೆಗೆದಿಲ್ಲ, ಆದ್ರೂ ನೀರಿನ ಪಂಪ್ ಆಗಾಗ ಗುರ್ ಅನ್ನುತ್ತೆ. ಯಾಕೆ?

ಎಲ್ಲೋ ಒತ್ತಡ ಇಳಿಯುತ್ತಿದೆ ಅಂತ ಅರ್ಥ. ಹೆಚ್ಚಾಗಿ ಅದು ಸಡಿಲವಾದ ಫಿಟ್ಟಿಂಗ್. ಒಣಗಿದ ಟಿಶ್ಯೂ ಕಾಗದ ಹಿಡಿದು ಸಿಂಕ್ ಕೆಳಗೆ, ಟಾಯ್ಲೆಟ್ ಹಿಂದೆ, ಪಂಪ್‌ನ ಎರಡೂ ಬದಿ, ವಾಟರ್ ಹೀಟರ್ ಹಿಂದೆ ಒಂದೊಂದೇ ಜೋಡಣೆಯನ್ನು ಒರೆಸಿ. ಸಣ್ಣ ಹನಿಯೂ ಕಾಗದದ ಮೇಲೆ ಕಾಣುತ್ತದೆ.

ಟ್ರೇಲರ್‌ನಲ್ಲಿ ನೀರು ಹರಿಯುವ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪಿನ ಪ್ಲಾಸ್ಟಿಕ್ ನಟ್ಟುಗಳ ಒಳಗೆ ಶಂಕುವಿನಾಕಾರದ ವಾಷರ್ ಇರುತ್ತದೆ. ನೀರು ತಡೆಯುವುದು ಆ ವಾಷರ್, ನಟ್ಟಿನ ಬಿಗಿ ಅಲ್ಲ. ಕೈಯಲ್ಲಿ ಬಿಗಿ ಮಾಡಿ, ಬೇಕಾದರೆ ಇನ್ನು ಕಾಲು ಸುತ್ತು. ಪ್ಲೈಯರ್ ಹಾಕಿ ಜಗ್ಗಿದರೆ ನಟ್ಟು ಸೀಳುತ್ತದೆ. ಇಂಥ ಜೋಡಣೆಗೆ ಟೆಫ್ಲಾನ್ ಟೇಪ್ ಬೇಡ. ಬಿಗಿ ಮಾಡಿದರೂ ಹನಿದರೆ ವಾಷರ್ ಬದಲಿಸಿ.

ಕ್ಯಾಂಪ್‌ಗ್ರೌಂಡ್ ನಲ್ಲಿಗೆ ಪೈಪ್ ಹಾಕುವಾಗ ನೀರಿನ ಒತ್ತಡ ತಗ್ಗಿಸುವ ಪ್ರೆಶರ್ ರೆಗ್ಯುಲೇಟರ್ ಮರೆಯಬೇಡಿ. 40ರಿಂದ 50 ಪಿಎಸ್ಐ (ಒತ್ತಡದ ಅಳತೆ) ಸಾಕು.

ಗ್ಯಾಸ್ ವಾಸನೆ ಬರ್ತಿದೆ ಅನ್ಸುತ್ತೆ. ಫಿಟ್ಟಿಂಗ್ ನಾನೇ ಬಿಗಿ ಮಾಡ್ಲಾ?

ಮೊದಲು ಎಲ್ಲರೂ ಹೊರಗೆ ಬನ್ನಿ. ಸಿಲಿಂಡರ್ ವಾಲ್ವ್ ಮುಚ್ಚಿ. ಸ್ವಿಚ್ ಮುಟ್ಟಬೇಡಿ, ಕಿಡಿ ಬೇಡ, ಬೆಂಕಿಯಂತೂ ಬೇಡವೇ ಬೇಡ. ಪ್ರೊಪೇನ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ. ಗ್ಯಾಸ್ ಸೋರಿದರೆ ಕೂಗುವ ಡಿಟೆಕ್ಟರ್ ಅನ್ನು ಕೆಳಗೆ ಹಾಕಿರುವುದು ಅದಕ್ಕೇ.

ಸಿಲಿಂಡರಿಗೆ ಸೇರುವ ಹೊರಗಿನ ಜೋಡಣೆ ನೀವು ನೋಡಬಹುದು. ದೊಡ್ಡ ಪ್ಲಾಸ್ಟಿಕ್ ಹಿಡಿಕೆ ಇರುವ ಹೊಸ ಬಗೆಯದನ್ನು ಬಲಕ್ಕೆ ತಿರುಗಿಸಿ, ಕೈಬಿಗಿ ಸಾಕು. ಹಳೆಯ ಹಿತ್ತಾಳೆಯ ಪಿಒಎಲ್ ಜೋಡಣೆ ಉಲ್ಟಾ, ಅದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಗಾಳಿ ಆಡಿ ವಾಸನೆ ಪೂರ್ತಿ ಹೋದ ಮೇಲೆ ವಾಲ್ವ್ ತೆರೆದು ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ ಇದೆ.

ಒಲೆ, ಫರ್ನೇಸ್, ಫ್ರಿಜ್ ಹಿಂದಿನ ಗ್ಯಾಸ್ ಜೋಡಣೆಗಳನ್ನು ತರಬೇತಿ ಪಡೆದ ಟೆಕ್ನಿಷಿಯನ್‌ಗೆ ಬಿಡಿ. ದುಡ್ಡು ಉಳಿಸುವ ಜಾಗ ಇದಲ್ಲ.

ಗೋಡೆಯ ಪ್ಲಗ್ ಪಾಯಿಂಟ್ ಬಿಸಿಯಾಗುತ್ತೆ. ಒಳಗಿನ ಸ್ಕ್ರೂ ಲೂಸ್ ಆಗಿರುತ್ತಾ?

ಆಗಿರಬಹುದು, ಇದನ್ನು ತಕ್ಷಣ ಗಮನಿಸಿ. ಸಡಿಲ ಜೋಡಣೆ ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನೂ ಸಡಿಲವಾಗುತ್ತದೆ. ಬೆಂಕಿ ಹತ್ತುವುದು ಹೀಗೆ. ಟ್ರೇಲರ್‌ನ ಅನೇಕ ಪ್ಲಗ್ ಪಾಯಿಂಟ್‌ಗಳಲ್ಲಿ ಸ್ಕ್ರೂ ಇರುವುದೇ ಇಲ್ಲ. ವೈರನ್ನು ಲೋಹದ ಸೀಳಿಗೆ ಒತ್ತಿ ಕೂರಿಸಿರುತ್ತಾರೆ. ಅಂಥದ್ದನ್ನು ಬಿಗಿ ಮಾಡಲು ಬರುವುದಿಲ್ಲ, ಬದಲಿಸಬೇಕು.

ಅಲ್ಲಿಗೆ ಏನನ್ನೂ ಚುಚ್ಚಬೇಡಿ. ಆ ಬ್ರೇಕರ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಅಥವಾ ಟ್ರೇಲರ್ ರಿಪೇರಿ ಮಾಡುವ ಆರ್‌ವಿ ಟೆಕ್ನಿಷಿಯನ್ ಕರೆಸಿ. ಅವರ ಹತ್ತಿರ ಬ್ರೇಕರ್ ಪೆಟ್ಟಿಗೆಯ ಸ್ಕ್ರೂಗಳನ್ನೂ ಬಿಗಿ ನೋಡಿಸಿ, ಕುಲುಕಾಟಕ್ಕೆ ಅವೂ ಸಡಿಲವಾಗುತ್ತವೆ. ನೀವು ನೋಡಬಹುದಾದದ್ದು ಹೊರಗಿನಿಂದ ಟ್ರೇಲರ್‌ಗೆ ಕರೆಂಟು ತರುವ 30 ಆ್ಯಂಪ್ ಕೇಬಲ್‌ನ ತುದಿ. ಬ್ರೇಕರ್ ಆಫ್ ಮಾಡಿ ಕೇಬಲ್ ಕೀಳಿ. ಪಿನ್ ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ ಅದನ್ನು ಮತ್ತೆ ಚುಚ್ಚಬೇಡಿ.

## ಹೊರಮೈ, ಚಾವಣಿ, ಚಕ್ರ

ಹೊರಗಿನ ಮೂಲೆಯ ಪಟ್ಟಿಯಿಂದ ತುಕ್ಕಿನ ಗೆರೆ ಇಳಿದಿದೆ. ಸ್ಕ್ರೂ ಕಾಣ್ತಾನೇ ಇಲ್ಲ!

ಆ ಪಟ್ಟಿಯ ನಡುವೆ ಉದ್ದಕ್ಕೂ ವಿನೈಲ್ ರಿಬ್ಬನ್ ಇರುತ್ತದೆ. ಅದನ್ನು ಒಂದು ತುದಿಯಿಂದ ಎಬ್ಬಿಸಿ ಎಳೆದರೆ ಕೆಳಗೆ ಸ್ಕ್ರೂಗಳ ಸಾಲು ಕಾಣುತ್ತದೆ. ಬಿಸಿಲಿಗೆ ರಿಬ್ಬನ್ ಕುಗ್ಗಿ, ಸಂದಿಯಲ್ಲಿ ನೀರು ಇಳಿದು ಸ್ಕ್ರೂ ತುಕ್ಕು ಹಿಡಿದಿರುತ್ತದೆ. ಒಂದೊಂದನ್ನೇ ತೆಗೆದು ಅದೇ ಅಳತೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ತೂತಿಗೆ ಸ್ವಲ್ಪ ಸೀಲಂಟ್ (ನೀರು ತಡೆಯುವ ಅಂಟು) ಕೊಡಿ. ಹೊಸ ರಿಬ್ಬನ್ ಹಾಕುವಾಗ ಎಳೆದು ಕೂರಿಸಬೇಡಿ, ತುದಿಯಲ್ಲಿ ಸ್ವಲ್ಪ ಹೆಚ್ಚಿಗೆ ಬಿಡಿ.

ತೆಗೆದ ಸ್ಕ್ರೂಗೆ ಕಪ್ಪಗಿನ ಒದ್ದೆ ಮರದ ಪುಡಿ ಅಂಟಿಕೊಂಡು ಬಂದರೆ ಒಳಗೆ ಮರ ಕೊಳೆತಿದೆ. ಆಗ ಸ್ಕ್ರೂ ಬದಲಿಸಿ ಮುಚ್ಚಿಬಿಡಬೇಡಿ. ಪಟ್ಟಿ ಬಿಚ್ಚಿಸಿ ನೋಡಿಸಿ.

ಚಾವಣಿ ಮೇಲೆ ವೆಂಟ್ ಸುತ್ತ ಒಂದು ಸ್ಕ್ರೂ ಎದ್ದಿದೆ. ಒತ್ತಿ ತಿರುಗಿಸಿದ್ರೆ ಸಾಕಾ?

ಸಾಲದು. ಸ್ಕ್ರೂ ಎದ್ದಿದ್ದರೆ ಅದರ ಮೇಲಿನ ಸೀಲಂಟ್ ಬಿರುಕು ಬಿಟ್ಟಿದೆ. ಹಳೆಯದನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆದು, ಸ್ಕ್ರೂ ಕೂರಿಸಿ, ಅದರ ಮೇಲೆ ತಾನೇ ಹರಡಿಕೊಳ್ಳುವ ಲ್ಯಾಪ್ ಸೀಲಂಟ್ ಹಾಕಿ. ನಿಂತ ಗೋಡೆಗೆ ಇದು ಇಳಿದುಹೋಗುತ್ತದೆ, ಅಲ್ಲಿಗೆ ಇಳಿಯದ ಬಗೆ ಬೇರೆ ಇದೆ. ಸಿಲಿಕೋನ್ ಬಳಸಬೇಡಿ, ಒಮ್ಮೆ ಹಾಕಿದ ಜಾಗಕ್ಕೆ ಮುಂದೆ ಬೇರೆ ಯಾವುದೂ ಅಂಟುವುದಿಲ್ಲ. ರಬ್ಬರ್ ಚಾವಣಿಯನ್ನು ಸೀಮೆಎಣ್ಣೆ, ಪೆಟ್ರೋಲ್ ಬೆರೆತ ದ್ರಾವಣದಿಂದ ಒರೆಸಬೇಡಿ, ಉಬ್ಬುತ್ತದೆ.

ಆನಿಂಗ್ ತೋಳಿನ ಬ್ರಾಕೆಟ್ ಅಲ್ಲಾಡ್ತಿದೆ. ಟೂತ್‌ಪಿಕ್ ಉಪಾಯ ಇಲ್ಲೂ ನಡೆಯುತ್ತಾ?

ಇಲ್ಲ, ಇಲ್ಲಿ ಅದು ಅಪಾಯ. ಆನಿಂಗ್ ಅಂದರೆ ಟ್ರೇಲರ್ ಪಕ್ಕಕ್ಕೆ ಬಿಚ್ಚಿಕೊಳ್ಳುವ ನೆರಳಿನ ಬಟ್ಟೆ. ಬಿಚ್ಚಿದ ಆನಿಂಗ್ ಒಂದು ದೊಡ್ಡ ಹಾಯಿ. ಗಾಳಿ ಎದ್ದಾಗ ಅದರ ಇಡೀ ಎಳೆತ ಕೆಲವೇ ದಪ್ಪ ಸ್ಕ್ರೂಗಳ ಮೇಲೆ ಬೀಳುತ್ತದೆ. ಆನಿಂಗ್ ಮಡಿಸಿ ಕಟ್ಟಿ, ರಿಪೇರಿ ಆಗುವ ತನಕ ಬಳಸಬೇಡಿ. ತೋಳಿನೊಳಗೆ ಸ್ಪ್ರಿಂಗಿನ ಬಲವೂ ಇರುತ್ತದೆ, ಬ್ರಾಕೆಟ್ ಪೂರ್ತಿ ಬಿಚ್ಚಲು ಹೋಗಬೇಡಿ. ಒಳಗಿನ ಚೌಕಟ್ಟು ಗಟ್ಟಿ ಇದೆಯಾ ಅಂತ ನೋಡಿ ಸರಿ ಮಾಡುವುದು ವರ್ಕ್‌ಶಾಪಿನ ಕೆಲಸ.

ಚಕ್ರದ ನಟ್ಟು ಎಷ್ಟು ಬಿಗಿ ಇರಬೇಕು? ಟೈರ್ ಅಂಗಡಿಯವರು ಹಾಕಿಕೊಟ್ಟ ಮೇಲೂ ನೋಡ್ಬೇಕಾ?

ನೋಡಲೇಬೇಕು. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಡುವುದಾದರೆ ಇದನ್ನು ನೆನಪಿಡಿ. ಕಪಾಟು ಬಿದ್ದರೆ ಪಾತ್ರೆ ಹೋಗುತ್ತದೆ, ಚಕ್ರ ಕಳಚಿದರೆ ಜೀವ ಹೋಗುತ್ತದೆ.

ಹೊಸ ಚಕ್ರ ಹಾಕಿದ ಮೇಲೆ ನಟ್ಟು, ರಿಮ್ಮು ಒಂದಕ್ಕೊಂದು ಕೂರಲು ಸ್ವಲ್ಪ ಓಟ ಬೇಕು. ಅಲ್ಯೂಮಿನಿಯಂ ರಿಮ್‌ನಲ್ಲಿ ಇದು ಜಾಸ್ತಿ. ಅದಕ್ಕೇ 10, 25 ಮತ್ತು 50 ಮೈಲಿ ಆದ ಮೇಲೆ ನಿಲ್ಲಿಸಿ ಟಾರ್ಕ್ (ತಿರುಗಿಸಿ ಬಿಗಿ ಮಾಡಿದ ಬಲ) ನೋಡಿ. ಹೊಸ ಟ್ರೇಲರ್‌ನ ಮೊದಲ ಓಟಕ್ಕೂ, ಚಕ್ರ ಬಿಚ್ಚಿ ಹಾಕಿದ ಪ್ರತಿ ಸಲಕ್ಕೂ ಇದು ಬೇಕು. ನಟ್ಟು ಕೂರುವ ಬೋಲ್ಟು, ಅಂದರೆ ಸ್ಟಡ್, ಅರ್ಧ ಇಂಚಿನದಾದರೆ ಸಾಮಾನ್ಯವಾಗಿ 90ರಿಂದ 120 ಫುಟ್‌ಪೌಂಡ್ (ಟಾರ್ಕ್ ಅಳತೆ). ನಿಮ್ಮ ಮ್ಯಾನ್ಯುಯಲ್‌ನಲ್ಲಿ ಬರೆದದ್ದೇ ಅಂತಿಮ. ಒಂದಾದ ಮೇಲೆ ಪಕ್ಕದ್ದು ಅಂತ ಸುತ್ತುತ್ತಾ ಹೋಗಬೇಡಿ, ಎದುರುಬದುರು ನಕ್ಷತ್ರದ ಹಾಗೆ, ಎರಡು ಮೂರು ಹಂತದಲ್ಲಿ ಬಿಗಿ ಮಾಡಿ. ಥ್ರೆಡ್‌ಗೆ ಎಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ವ್ರೆಂಚ್ ತೋರಿಸುವ ಲೆಕ್ಕಕ್ಕಿಂತ ಜಾಸ್ತಿ ಬಿಗಿಯಾಗಿ ಸ್ಟಡ್ ಎಳೆದುಹೋಗುತ್ತದೆ.

ಹಿಚ್ ಬಾಲ್ ಕೈಯಲ್ಲಿ ಹಿಡಿದ್ರೆ ಸ್ವಲ್ಪ ತಿರುಗುತ್ತೆ. ಮನೆಯ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿದ್ರೆ ಆಗುತ್ತಾ?

ಆಗುವುದಿಲ್ಲ. ಹಿಚ್ ಬಾಲ್ ಅಂದರೆ ಎಳೆಯುವ ಗಾಡಿಯ ಹಿಂದೆ ಟ್ರೇಲರ್ ಕೂರುವ ಲೋಹದ ಗುಂಡು. ದಪ್ಪ ಕಾಲಿನ ಬಾಲ್‌ಗಳಿಗೆ ಬೇಕಾದ ಟಾರ್ಕ್ ಚಕ್ರದ ನಟ್ಟಿಗಿಂತ ತುಂಬಾ ಜಾಸ್ತಿ. ಮನೆಯ ವ್ರೆಂಚ್‌ಗೆ ಅಷ್ಟು ಉದ್ದವೂ ಇಲ್ಲ, ಬಲವೂ ಇಲ್ಲ. ಎಳೆಯುವುದನ್ನು ನಿಲ್ಲಿಸಿ, ಹಿಚ್ ಅಂಗಡಿಗೆ ಒಯ್ದು ಅದರ ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿಸಿ. ಅಲ್ಲೇ ಸಸ್ಪೆನ್ಷನ್‌ನ ಶ್ಯಾಕಲ್ (ಸ್ಪ್ರಿಂಗ್ ಜೋಡಿಸುವ ಕೊಂಡಿ) ಬೋಲ್ಟುಗಳನ್ನೂ ನೋಡಿ ಅಂತ ಹೇಳಿ.

ವಾರಂಟಿ ಇರುವಾಗ ನಾನೇ ರಿಪೇರಿ ಮಾಡಿದ್ರೆ ತೊಂದರೆ ಆಗುತ್ತಾ?

ಕಪಾಟಿನ ಕೀಲು, ಬ್ಲೈಂಡ್, ಹಿಡಿಕೆಯಂಥ ಸಣ್ಣವನ್ನು ನೀವೇ ಮಾಡಿಕೊಳ್ಳಿ. ಡೀಲರ್ ಹತ್ತಿರ ಬಿಟ್ಟರೆ ಬೇಸಿಗೆಯಲ್ಲಿ ವಾರಗಟ್ಟಲೆ ಕಾಯಬೇಕಾಗಬಹುದು. ಚಾವಣಿ, ಗೋಡೆಯೊಳಗಿನ ನೀರು, ಚೌಕಟ್ಟು, ಸ್ಲೈಡ್, ಆನಿಂಗ್ ಇವುಗಳನ್ನು ಮುಟ್ಟುವ ಮೊದಲು ಫೋಟೋ ತೆಗೆದು, ತಾರೀಖು ಹಾಕಿ, ಬರಹದಲ್ಲಿ ಡೀಲರ್‌ಗೆ ತಿಳಿಸಿ. ಅನೇಕ ಕಂಪನಿಗಳ ಮುಖ್ಯ ವಾರಂಟಿ ಒಂದೇ ವರ್ಷ. ಮುಗಿಯುವ ಎರಡು ತಿಂಗಳ ಮೊದಲು ಒಮ್ಮೆ ಟಾರ್ಚ್ ಹಿಡಿದು ಇಡೀ ಟ್ರೇಲರ್ ನೋಡಿ, ಕಂಡದ್ದನ್ನೆಲ್ಲಾ ಒಂದೇ ಪಟ್ಟಿ ಮಾಡಿ ಕೊಡಿ. ಪಟ್ಟಿ ತೆಗೆದುಕೊಂಡಿದ್ದಕ್ಕೆ ಅವರ ಸಹಿ ಇರುವ ಪ್ರತಿ ನಿಮ್ಮ ಹತ್ತಿರ ಇರಲಿ.